ನನ್ನ ಪ್ರೊಫೈಲ್ ಬಿಟ್ಟು ಹೆಂಡ್ತಿಯ ಪ್ರೊಫೈಲ್: ಬದಿಯಡ್ಕದಿಂದ ಹಾಕಿದ ಕೆನಡಾ ಪಿಆರ್ ಅರ್ಜಿ

ಕೆನಡಾ ಪಿಆರ್ ಪೂರಾ ಬಂದ್ ಆಯ್ತಂತೆ ಹೌದಾ ಅಂತ ಈಗ ಮದುವೆ ಮನೆಗೆ ಹೋದ್ರೂ ಕೇಳ್ತಾರೆ, ಬಸ್ಸಲ್ಲಿ ಸಿಕ್ಕಿದ್ರೂ ಕೇಳ್ತಾರೆ. ಪಿಆರ್ ಹೇಳಿದ್ರೆ ಅಲ್ಲಿ ಖಾಯಂ ಆಗಿ ಇರ್ಲಿಕ್ಕೆ ಕೊಡುವ ಕಾಗದ, ಅದು ಬಂದ್ ಆಗ್ಲಿಲ್ಲ ಮಾರಾಯ್ರೆ, ಆದ್ರೆ ಯಾರನ್ನು ಕರೀತಾರೆ ಅನ್ನುವುದು ಮಾತ್ರ ಎರಡು ವರ್ಷದಲ್ಲಿ ಪೂರಾ ಮಗುಚಿ ಬಿದ್ದಿದೆ. 2022ರಲ್ಲಿ ಹೋದ ನೆಂಟರು ಹೇಳುವ ಲೆಕ್ಕ ಈಗ ನಡೆಯುವುದಿಲ್ಲ, ಮಂಗಳೂರಿನ ಕನ್ಸಲ್ಟೆನ್ಸಿಯವರು ಬೋರ್ಡಲ್ಲಿ ಬರೆದಿಟ್ಟದ್ದೂ ಹೆಚ್ಚಿನದ್ದು ಹಳೇದೇ. ನಾವು ಗಂಡ ಹೆಂಡ್ತಿ ಇದರಲ್ಲಿ ಬಿದ್ದು ಎದ್ದು 2026ರ ಜನವರಿಯಲ್ಲಿ ಅರ್ಜಿ ಸಬ್ಮಿಟ್ ಮಾಡಿದ್ದು, ಹಾಗಾಗಿ ನಮಗೆ ಆದದ್ದನ್ನು ಬರೀತೇನೆ, ಯಾರಿಗಾದ್ರೂ ಉಪಯೋಗ ಆದೀತು.

ನನ್ನದು ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹತ್ತನೆಯವರೆಗೆ ಕನ್ನಡ ಮೀಡಿಯಂ, ಆಮೇಲೆ ಮಂಗಳೂರು ಕಡೆ ಹೋಗಿ ಎಂಸಿಎ, ಈಗ ಸಾಫ್ಟ್‌ವೇರ್ ಕೆಲ್ಸ, ಹೆಚ್ಚಿನ ದಿನ ಮನೆಯಿಂದ್ಲೇ. ಹೆಂಡ್ತಿ ಪುತ್ತೂರಿನವಳು, ನರ್ಸ್, ರಾಜೀವ್ ಗಾಂಧಿ ಯೂನಿವರ್ಸಿಟಿಯ ಬಿಎಸ್ಸಿ, ಆಮೇಲೆ ಅಲ್ಲಿದ್ದೇ ಎಂಎಸ್ಸಿ. ಒಬ್ಬಳು ಮಗಳು. ನಮ್ಮ ಊರಲ್ಲಿ ಹೊರದೇಶ ಹೇಳಿದ್ರೆ ಗಲ್ಫ್. ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲಿ ನೋಡಿದ್ರೂ ಒಂದೊಂದು ಮನೆಯಿಂದ ಒಬ್ರಾದ್ರೂ ಅಲ್ಲಿ ಇದ್ದಾರೆ, ಮೂವತ್ತು ವರ್ಷ ದುಡಿದ್ರೂ ಕಡೆಗೆ ವೀಸಾ ಕ್ಯಾನ್ಸಲ್ ಮಾಡಿ ವಾಪಸ್ ಬರ್ಲೇಬೇಕು, ಈಗ ಗೋಲ್ಡನ್ ವೀಸಾ ಅಂತ ಒಂದು ಬಂದಿದೆ, ಆದ್ರೆ ಅದು ಎಲ್ಲರಿಗೂ ಆಗುವಂಥದ್ದಲ್ಲ. ಹಾಗಾಗಿ ಕೆಲಸ ಸಿಗುವ ಮೊದ್ಲೇ ಒಂದು ದೇಶ ಖಾಯಂ ಆಗಿ ಇರ್ಲಿಕ್ಕೆ ಕಾಗದ ಕೊಡ್ತದೆ ಅನ್ನುವುದು ನಮ್ಮಪ್ಪನಿಗೆ ಈಗಲೂ ಪೂರ್ತಿ ನಂಬಿಕೆ ಆಗದ ಸಂಗತಿ. "ಕೆಲಸ ಇಲ್ಲದೆ ವೀಸಾ ಯಾರು ಕೊಡ್ತಾರೆ, ಅದ್ರಲ್ಲಿ ಏನೋ ಮೋಸ ಉಂಟು" ಅಂತ.

ಮೊದಲು ನಾವು ಪ್ರೊಫೈಲ್ ಹಾಕಿದ್ದು ನನ್ನ ಹೆಸರಲ್ಲಿ, 2023ರಲ್ಲಿ. ಆ ವರ್ಷ ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವ ಪಿಆರ್ ಆಯ್ಕೆ ಪದ್ಧತಿಯಲ್ಲಿ ಕೆಟಗರಿ ಡ್ರಾ, ಅಂದ್ರೆ ಇಂಥ ಕೆಲಸ, ಇಂಥ ಭಾಷೆಯವರನ್ನು ಮಾತ್ರ ಕರೆಯುವುದು, ಅಂತ ಹೊಸದಾಗಿ ಶುರು ಮಾಡಿದ್ರು, ಹೆಲ್ತ್‌ಕೇರ್, ಫ್ರೆಂಚ್, ಸ್ಟೆಮ್, ಟ್ರೇಡ್ಸ್ ಹೀಗೆ. ಸ್ಟೆಮ್, ಅಂದ್ರೆ ಸೈನ್ಸ್ ಟೆಕ್ನಾಲಜಿ ಇಂಜಿನಿಯರಿಂಗ್ ಗಣಿತದ ಪಟ್ಟಿಯಲ್ಲಿ ಸಾಫ್ಟ್‌ವೇರ್‌ನವರು ಇದ್ರು. ಹೆಂಡ್ತಿ ಆಗ ಎಂಎಸ್ಸಿ ಓದ್ತಾ ಇದ್ದಳು, ಮಗು ಚಿಕ್ಕದು, ಅವಳು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ ಕೂರುವ ಪರಿಸ್ಥಿತಿಯೇ ಇರ್ಲಿಲ್ಲ. ನನ್ನ ಸ್ಕೋರು 440ರ ಆಸುಪಾಸು. ಗೊತ್ತಿಲ್ಲದವರಿಗೆ ಹೇಳ್ತೇನೆ, ಇದು ಸಿಆರ್‌ಎಸ್ ಅನ್ನುವ ಲೆಕ್ಕ, ಪ್ರಾಯ, ಓದು, ಇಂಗ್ಲಿಷ್, ಕೆಲಸದ ಅನುಭವ ಎಲ್ಲ ಸೇರಿಸಿ 1200ಕ್ಕೆ ಇಷ್ಟು ಅಂತ ಬರ್ತದೆ, ಅವರು ಆಗಾಗ ಡ್ರಾ ಮಾಡ್ತಾರೆ, ಕಟ್ ಆಫ್‌ನಿಂದ ಮೇಲೆ ಇದ್ದವರಿಗೆ ಇನ್ವಿಟೇಷನ್ ಬರ್ತದೆ, ಇನ್ವಿಟೇಷನ್ ಬಂದ್ಮೇಲೆ ಮಾತ್ರ ನಿಜವಾದ ಅರ್ಜಿ. 2023ರ ಮಾರ್ಚಲ್ಲಿ ಎಲ್ಲ ಕೆಲಸದವರಿಗೂ ಸೇರಿ ಆಗುವ ಜನರಲ್ ಡ್ರಾ 481ಕ್ಕೆ ಇಳಿದಿತ್ತು, ಡಿಸೆಂಬರಲ್ಲಿ ಸ್ಟೆಮ್ ಡ್ರಾ ಕೂಡ 481. ನಲ್ವತ್ತು ಪಾಯಿಂಟ್ ದೂರ, ಆದ್ರೆ ಹೆಂಡ್ತಿಯ ಐಇಎಲ್‌ಟಿಎಸ್, ಅವಳ ಎಂಎಸ್ಸಿ ಎಲ್ಲ ಸೇರಿದ್ರೆ ಸ್ವಲ್ಪ ಏರ್ತದೆ, ಕಟ್ ಆಫ್ ಸ್ವಲ್ಪ ಇಳೀತದೆ, ಎಲ್ಲೋ ಮಧ್ಯೆ ಸಿಗ್ತದೆ ಅಂತ ಅಂದಾಜು.

ಎಲ್ಲಿ ಇಳಿಯುವುದು! 2024ರ ಏಪ್ರಿಲ್ 23ಕ್ಕೆ ಜನರಲ್ ಡ್ರಾ ಆಯ್ತು, ಕಟ್ ಆಫ್ 529. ಅದೇ ಕಡೇದು. ಅದರ ನಂತರ ನಾವು ಅರ್ಜಿ ಹಾಕುವವರೆಗೂ ಒಂದೇ ಒಂದು ಜನರಲ್ ಡ್ರಾ ಆಗ್ಲಿಲ್ಲ. ಇದು ಯಾರೂ ದೊಡ್ಡ ಘೋಷಣೆ ಮಾಡಿದ್ದಲ್ಲ, ಸುಮ್ಮನೆ ನಿಂತೇ ಹೋಯ್ತು. ಆಗುವುದು ಏನಿದ್ರೂ ಕೆನಡಾದ ಒಳಗೆ ಕೆಲಸ ಮಾಡಿದವರಿಗೆ, ಇಲ್ಲದಿದ್ರೆ ಪ್ರಾವಿನ್ಸ್, ಅಂದ್ರೆ ಅಲ್ಲಿಯ ರಾಜ್ಯದವರು ಆರಿಸಿದವರಿಗೆ, ಇಲ್ಲದಿದ್ರೆ ಕೆಟಗರಿಯವರಿಗೆ. ಹೊರಗೆ ಕೂತ ನನ್ನಂಥ ಸಾಮಾನ್ಯ ಸಾಫ್ಟ್‌ವೇರ್ ಮನುಷ್ಯನಿಗೆ ಉಳಿದದ್ದು ಸ್ಟೆಮ್ ಒಂದೇ. ಆ ಅಕ್ಟೋಬರಲ್ಲಿ ಸರ್ಕಾರ ಒಟ್ಟು ಸಂಖ್ಯೆಯನ್ನೇ ಕಡಿಮೆ ಮಾಡಿತು, 2025ಕ್ಕೆ 5 ಲಕ್ಷ ಜನ ಅಂತ ಇದ್ದದ್ದನ್ನು 3,95,000ಕ್ಕೆ ಇಳಿಸಿದ್ರು, ಪ್ರಾವಿನ್ಸ್‌ನವರು ಆರಿಸುವ ನಾಮಿನಿ ಕೋಟಾ 2024ಕ್ಕೆ 1,10,000 ಇದ್ದದ್ದು 2025ಕ್ಕೆ 55,000. ಅಲ್ಲಿ ಮನೆ ಬಾಡಿಗೆ ಏರಿದೆ, ಡಾಕ್ಟ್ರು ಸಿಗುವುದಿಲ್ಲ, ಜನ ಸಿಟ್ಟಲ್ಲಿದ್ದಾರೆ, ಎಲೆಕ್ಷನ್ ಹತ್ತಿರ ಬಂತು, ಅದೆಲ್ಲ ಕಾರಣ. ಅವರ ದೇಶ, ಅವರ ಲೆಕ್ಕ, ಅದ್ರಲ್ಲಿ ನಾನು ದೂರುವುದಕ್ಕೆ ಎಂತ ಉಂಟು.

ಆಮೇಲೆ 2025ರ ಫೆಬ್ರವರಿ ಕೊನೆಗೆ ಕೆಟಗರಿಗಳನ್ನೇ ಬದಲಾಯಿಸಿದ್ರು. ಟ್ರಾನ್ಸ್‌ಪೋರ್ಟ್ ತೆಗೆದ್ರು, ಟೀಚರ್‌ಗಳಿಗೆ ಎಜುಕೇಷನ್ ಅಂತ ಹೊಸದು ಹಾಕಿದ್ರು, ಸ್ಟೆಮ್ ಪಟ್ಟಿಯಿಂದ ಸಾಫ್ಟ್‌ವೇರ್ ಇಂಜಿನಿಯರನ್ನು ತೆಗೆದೇ ಬಿಟ್ರು. ಸೈಬರ್ ಸೆಕ್ಯುರಿಟಿಯವರು ಉಳಿದ್ರು, ಸಿವಿಲ್, ಮೆಕ್ಯಾನಿಕಲ್ ಇದ್ದಾರೆ, ಇನ್ಶೂರೆನ್ಸ್ ಏಜೆಂಟ್ ಕೂಡ ಒಳಗೆ ಬಂದ! ನಮ್ಮ ಊರಲ್ಲಿ ಎಲ್‌ಐಸಿ ಮಾಡುವ ಮಾವ ಒಬ್ರಿದ್ದಾರೆ, ಅವ್ರಿಗೆ ಇದನ್ನು ಹೇಳಿದ್ರೆ ಮೂರು ದಿನ ನಗಾಡಿದ್ರು, ನಿನಗಿಂತ ನಾನೇ ಮೇಲೆ ನೋಡು ಅಂತ.

ಈ ಮಧ್ಯೆ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆ, ಯಾವುದು ಅಂತ ಬೇಡ. ಎಸಿ ರೂಮು, ಗೋಡೆ ಪೂರಾ ಮೇಪಲ್ ಎಲೆ. ಅವರು ಹೇಳಿದ್ದು, "ಸರ್, ನಿಮ್ಗೆ ಕಡಿಮೆ ಇರೋದು ಐವತ್ತು ಪಾಯಿಂಟ್, ನಾವು ಜಾಬ್ ಆಫರ್ ಮಾಡಿಸಿ ಕೊಡ್ತೇವೆ, ಐವತ್ತು ಗ್ಯಾರಂಟಿ ಬರ್ತದೆ". ಅದಕ್ಕೆ ಲಕ್ಷ ಲಕ್ಷ ಲೆಕ್ಕ, ಅರ್ಧ ಮೊದ್ಲು ಅರ್ಧ ಆಮೇಲೆ. ಜಾಬ್ ಆಫರ್ ಹೇಳಿದ್ರೆ ಅಲ್ಲಿಯ ಮಾಲಕ ಎಲ್‌ಎಂಐಎ ಅನ್ನುವ ಒಪ್ಪಿಗೆ ಸರ್ಕಾರದಿಂದ ತೆಗೊಂಡು ಕೊಡುವಂಥದ್ದು, ಅದನ್ನು ದುಡ್ಡಿಗೆ ಮಾರುವುದು ಅಲ್ಲಿ ಕಾನೂನಿಗೆ ವಿರುದ್ಧ, ಆದ್ರೂ ಮಾರ್ತಾ ಇದ್ರು, ಅದೇ ಕಾರಣಕ್ಕೆ ಸರ್ಕಾರ ಆ ಪಾಯಿಂಟನ್ನೇ ತೆಗೀತೇವೆ ಅಂತ 2024ರ ಡಿಸೆಂಬರಲ್ಲಿ ಹೇಳಿಯೂ ಆಗಿತ್ತು. ನಾನು ಹೋದದ್ದು ಅದರ ನಂತರ. ಅವರಿಗೆ ಗೊತ್ತಿರ್ಲಿಲ್ಲ ಅಂತ ಹೇಳುವುದಕ್ಕೆ ಆಗುವುದಿಲ್ಲ, ಗೊತ್ತಿದ್ದೇ ಮಾರಿದ್ದು. 2025 ಮಾರ್ಚ್ 25ರಿಂದ ಜಾಬ್ ಆಫರಿಗೆ ಇದ್ದ 50, ದೊಡ್ಡ ಪೋಸ್ಟಿಗೆ ಇದ್ದ 200, ಎರಡೂ ಸೊನ್ನೆ. ಏಜೆಂಟರು ಮಾರುವುದು ಯಾವಾಗ್ಲೂ ಹೋದ ವರ್ಷದ ರೂಲು, ಇದು ನನ್ನ ಅಭಿಪ್ರಾಯ, ಎಲ್ಲರೂ ಹಾಗೆ ಅಂತ ಅಲ್ಲ. ಅಲ್ಲಿ ಲೈಸೆನ್ಸ್ ಇರುವ ಕನ್ಸಲ್ಟೆಂಟ್‌ಗಳ ಪಟ್ಟಿ ಕಾಲೇಜು ಅಂತ ಕರೆಯುವ ಅವರ ನಿಯಂತ್ರಣ ಸಂಸ್ಥೆಯ ರಿಜಿಸ್ಟರಲ್ಲಿ ಎಲ್ಲರಿಗೂ ಕಾಣುವ ಹಾಗೆ ಉಂಟು, ಹೆಸರು ಹಾಕಿ ನೋಡ್ಬಹುದು, ದುಡ್ಡು ಕೊಡುವ ಮೊದ್ಲು ಐದು ನಿಮಿಷದ ಕೆಲಸ.

ಇದರ ಬಿಸಿ ನಿಜವಾಗಿ ತಾಗಿದ್ದು ನನಗಲ್ಲ, ಚಿಕ್ಕಪ್ಪನ ಮಗನಿಗೆ. ಅವನು ಸ್ಟೂಡೆಂಟ್ ಆಗಿ ಹೋಗಿ ಟೊರೊಂಟೊ ಹತ್ತಿರದ ಬ್ರಾಂಪ್ಟನ್‌ನಲ್ಲಿ ಇದ್ದಾನೆ, ಓದು ಮುಗಿಸಿ ವರ್ಕ್ ಪರ್ಮಿಟಲ್ಲಿ ಕೆಲಸ, ಮಾಲಕ ಸರಿಯಾದ ಜನ, ನಿಜವಾದ ಜಾಬ್ ಆಫರೇ ಕೊಟ್ಟಿದ್ದ. ಒಂದು ರಾತ್ರಿಯಲ್ಲಿ ಐವತ್ತು ಪಾಯಿಂಟ್ ಹೋಯ್ತು. ಸುಳ್ಳು ಆಫರ್ ತೆಗೊಂಡವನಿಗೂ ಹೋಯ್ತು, ನಿಜ ಇದ್ದವನಿಗೂ ಹೋಯ್ತು. ಒಳಗೆ ಇದ್ದವರ ಡ್ರಾ 2025ರಲ್ಲಿ 515ರಿಂದ 547ರ ಒಳಗೇ ತಿರುಗ್ತಾ ಇತ್ತು, ಇವನು 480ರ ಹತ್ತಿರ. ಫೋನ್ ಮಾಡಿ, "ಅಣ್ಣಾ, ಫ್ರೆಂಚ್ ಕಲೀತಾ ಇದ್ದೇನೆ" ಅಂದ. ನಾನು ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ, 2025ರ ಮಾರ್ಚಲ್ಲಿ ಫ್ರೆಂಚ್ ಡ್ರಾದ ಕಟ್ ಆಫ್ 379! ಇಲ್ಲಿ ಇಂಗ್ಲಿಷಲ್ಲಿ ಅರ್ಧ ಬ್ಯಾಂಡಿಗೆ ಜೀವ ಬಿಡ್ಬೇಕು, ಅಲ್ಲಿ ಫ್ರೆಂಚ್ ಬಂದ್ರೆ ಸ್ಕೋರು ನೂರಕ್ಕಿಂತ ಜಾಸ್ತಿ ಪಾಯಿಂಟ್ ಕಡಿಮೆ ಇದ್ರೂ ಸಾಕು. ಕ್ವಿಬೆಕ್‌ನಿಂದ ಹೊರಗೆ ಫ್ರೆಂಚ್ ಮಾತಾಡುವವರ ಸಂಖ್ಯೆ ಏರ್ಬೇಕು ಅಂತ ಅವರ ಪಾಲಿಸಿ. ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅಂತ ನಾವು ಭಾಷಣದಲ್ಲಿ ಹೇಳ್ತೇವಲ್ಲ, ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಬ್ಯಾರಿ, ಕೊಂಕಣಿ, ಅದು ಯಾವುದಕ್ಕೂ ಪಾಯಿಂಟ್ ಇಲ್ಲ ನೋಡಿ, ಎಂಟನೆಯದ್ದು ಕಲೀಬೇಕು.

ಸರಿ, ನಮ್ಮ ವಿಷಯಕ್ಕೆ ಬರ್ತೇನೆ. ಹೆಂಡ್ತಿಯ ಎಂಎಸ್ಸಿ ಮುಗಿದು ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ನಾವು ಕೂತು ಲೆಕ್ಕ ಉಲ್ಟಾ ಮಾಡಿದ್ದು. ಅರ್ಜಿದಾರಳು ಅವಳು, ನಾನು ಜೊತೆಗೆ ಬರುವವ. ರಿಜಿಸ್ಟರ್ಡ್ ನರ್ಸ್, ಅವರ ಕೆಲಸಗಳ ಪಟ್ಟಿಯಲ್ಲಿ ಕೋಡ್ 31301, ಹೆಲ್ತ್‌ಕೇರ್ ಕೆಟಗರಿ. ಮನೆಯಲ್ಲಿ ದೊಡ್ಡವರಿಗೆ ಇದು ಸ್ವಲ್ಪ ಇರಿಸುಮುರಿಸು, ಗಂಡನ ಹೆಸರು ಕೆಳಗೆ ಯಾಕೆ ಅಂತ ಒಬ್ರು ಅತ್ತೆ ಕೇಳಿಯೂ ಬಿಟ್ರು. ನನಗೆ ಅಂಥ ತಲೆಬಿಸಿ ಇಲ್ಲ. ಲೆಕ್ಕ ಹೀಗೆ ಬಂತು: ಪ್ರಾಯ 30ಕ್ಕೆ 95, ಮಾಸ್ಟರ್ಸ್‌ಗೆ 126, ಐಇಎಲ್‌ಟಿಎಸ್ ಲಿಸನಿಂಗ್ 8.5, ರೀಡಿಂಗ್ 8, ರೈಟಿಂಗ್ 7, ಸ್ಪೀಕಿಂಗ್ 7, ಅದಕ್ಕೆ ಎಲ್ಲ ಸೇರಿ 122, ಓದು ಮತ್ತು ಅನುಭವ ಇಂಗ್ಲಿಷಿನ ಜೊತೆ ಸೇರಿದ್ದಕ್ಕೆ 100, ಗಂಡನ ಓದಿಗೆ 10, ಗಂಡನ ಇಂಗ್ಲಿಷಿಗೆ 20. ಒಟ್ಟು 473. ನನ್ನ ಇಷ್ಟು ವರ್ಷದ ಕೋಡಿಂಗ್ ಅನುಭವಕ್ಕೆ ಅದ್ರಲ್ಲಿ ಸೊನ್ನೆ. ಪರ್ವಾಗಿಲ್ಲ.

ಇನ್ನೊಂದು ಹೊಟ್ಟೆ ಉರಿಯುವ ವಿಷಯ ಉಂಟು, 2024ರ ಫೆಬ್ರವರಿಯಲ್ಲಿ ಇದೇ ಹೆಲ್ತ್‌ಕೇರ್ ಡ್ರಾ 422ಕ್ಕೆ ಆಗಿತ್ತು. ಆಗ ಇವಳ ಕೈಯಲ್ಲಿ ಎಂಎಸ್ಸಿ ಸರ್ಟಿಫಿಕೇಟೂ ಇಲ್ಲ, ಐಇಎಲ್‌ಟಿಎಸ್ಸೂ ಇಲ್ಲ. 2025ರಲ್ಲಿ ನಾವು ರೆಡಿ ಆಗಿ ಕೂತಾಗ ಮೇ 2ಕ್ಕೆ ಡ್ರಾ, 510, ಕರೆದದ್ದು 500 ಜನ ಮಾತ್ರ. ಜೂನಲ್ಲಿ 504. ಜುಲೈ 22ಕ್ಕೆ 4,000 ಜನರನ್ನು ಕರೆದ್ರು, ಕಟ್ ಆಫ್ 475. ನಮ್ಮದು 473. ಎರಡು ಪಾಯಿಂಟ್.

ಇವಳು ಹುಟ್ಟಿದ್ದು ಆಟಿ ತಿಂಗಳಲ್ಲಿ, ಇಂಗ್ಲಿಷ್ ಲೆಕ್ಕದಲ್ಲಿ ಆಗಸ್ಟ್ ಮೊದಲ ವಾರ. ಹುಟ್ಟುಹಬ್ಬದ ದಿನ ಬೆಳಿಗ್ಗೆ ನೋಡಿದ್ರೆ ಸ್ಕೋರು ತನ್ನಷ್ಟಕ್ಕೇ 468 ಆಗಿದೆ, ಪ್ರಾಯ 31, ಐದು ಪಾಯಿಂಟ್ ಕಟ್. ಮೂವತ್ತು ಆದ್ಮೇಲೆ ಪ್ರತಿ ವರ್ಷ ಹೀಗೆ ಕಟ್ ಆಗ್ತಾ ಹೋಗ್ತದೆ. ಪಾಯಸ ಮಾಡಿದ್ರು ಅಮ್ಮ, ಇವಳು ಊಟಕ್ಕೆ ಕೂತು, "ಇನ್ನು ನನಗೆ ಬರ್ತ್‌ಡೇ ವಿಶ್ ಮಾಡುವವರು ಐದು ಪಾಯಿಂಟ್ ತಂದು ಕೊಡಿ" ಅಂತ. ಆಗಸ್ಟ್ 19ಕ್ಕೆ ಡ್ರಾ ಆಯ್ತು. 470. ಹದಿನೈದು ದಿನ ಮೊದಲು ಆಗಿದ್ರೆ 473 ಇತ್ತಲ್ಲ ಮಾರಾಯ್ರೆ! ಪುನಃ ಎರಡು ಪಾಯಿಂಟ್. ರೈಟಿಂಗಲ್ಲಿ 7.5 ಬಂದ್ರೆ ಮೂರು ಪಾಯಿಂಟ್ ಏರಿ 471 ಆಗ್ತದೆ ಅಂತ ಮಂಗಳೂರಿಗೆ ಹೋಗಿ ಪುನಃ ಬರೆದಳು, ಸಾವಿರಗಟ್ಟಲೆ ಫೀಸು, ನೈಟ್ ಡ್ಯೂಟಿ ಮುಗಿಸಿ ಹೋದದ್ದು, ರೈಟಿಂಗ್ ಅದೇ 7. ಅಕ್ಟೋಬರ್ 15ರ ಡ್ರಾ 472. ಅಂದ್ರೆ 7.5 ಬಂದಿದ್ರೂ ಆ ಸಲ ಆಗ್ತಿರ್ಲಿಲ್ಲ, ಅಷ್ಟೊಂದು ಬೇಜಾರು ಮಾಡ್ಬೇಡ ಅಂತ ನಾನು ಸಮಾಧಾನ ಮಾಡಿದ್ದು, ಅದಕ್ಕೆ ಅವಳು ನನ್ನನ್ನು ನೋಡಿದ ನೋಟ ಬರೆಯುವುದು ಬೇಡ.

ನವೆಂಬರ್ 14, ಶುಕ್ರವಾರ. ಅವರಿಗೆ ಹಗಲು ಆಗುವಾಗ ನಮಗೆ ರಾತ್ರಿ. 3,500 ಜನ, 462. ಮೇಲ್ ಬಂದದ್ದು ನೋಡಿದ್ದು ಅವಳೇ, ಡ್ಯೂಟಿಯಲ್ಲಿ ಇದ್ದಳು, ನನಗೆ ಸ್ಕ್ರೀನ್‌ಶಾಟ್ ಹಾಕಿ "ಏಳಿ" ಅಂತ ಮಾತ್ರ ಬರೆದಿದ್ದಳು. ನಾನು ನೋಡಿದ್ದು ಬೆಳಿಗ್ಗೆ.

ಇನ್ವಿಟೇಷನ್ ಬಂದ್ಮೇಲೆ 60 ದಿನ. ಕೇಳುವಾಗ ಹೆಚ್ಚು ಅನ್ನಿಸ್ತದೆ. ಮೊದ್ಲೇ ತಯಾರು ಮಾಡಿ ಇಡದಿದ್ರೆ ಸಾಕಾಗುವುದೇ ಇಲ್ಲ, ನಾನು ಹೇಳುವುದಾದ್ರೆ ಪ್ರೊಫೈಲ್ ಹಾಕಿದ ದಿನದಿಂದ್ಲೇ ಎಕ್ಸ್‌ಪೀರಿಯೆನ್ಸ್ ಲೆಟರ್ ಹಿಂದೆ ಬೀಳ್ಬೇಕು. ನಮ್ಮ ಆಸ್ಪತ್ರೆಗಳು ಕೊಡುವ ಸರ್ವಿಸ್ ಸರ್ಟಿಫಿಕೇಟ್ ಹೇಗೆ ಇರ್ತದೆ ಹೇಳಿದ್ರೆ, ಇಂಥವರು ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ನಮ್ಮಲ್ಲಿ ಇದ್ದರು, ನಡತೆ ಒಳ್ಳೇದು, ಶುಭವಾಗಲಿ. ಅದು ಅಲ್ಲಿಗೆ ನಡೆಯುವುದೇ ಇಲ್ಲ. ಲೆಟರ್‌ಹೆಡ್ಡಲ್ಲಿ ಹುದ್ದೆ, ಎಂತ ಎಂತ ಕೆಲಸ ಮಾಡಿದ್ದು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಸಹಿ ಹಾಕಿದವರ ಹೆಸರು ಮತ್ತು ಫೋನ್ ನಂಬರ್ ಎಲ್ಲ ಬೇಕು. ಅವಳ ಹಳೇ ಆಸ್ಪತ್ರೆಯ ಎಚ್‌ಆರ್‌ನವರು ಸಂಬಳ ಬರೆಯುವುದಿಲ್ಲ ಅಂತ ಕೂತ್ರು. ನರ್ಸ್‌ಗಳ ಸಂಬಳವನ್ನು ಕಾಗದದಲ್ಲಿ ಬರೆದು ಕೊಡ್ಲಿಕ್ಕೆ ಯಾಕೆ ಹಿಂಜರಿಕೆ ಅಂತ ನೀವೇ ಊಹೆ ಮಾಡಿ. ಕಡೆಗೆ ಕೆಲಸ ಆದದ್ದು ಅಲ್ಲಿಯ ಹಳೇ ನರ್ಸಿಂಗ್ ಸೂಪರಿಂಟೆಂಡೆಂಟ್ ಸಿಸ್ಟರಿಂದ. ರಿಟೈರ್ ಆಗ್ಲಿಕ್ಕೆ ಹತ್ತಿರ ಇದ್ದವರು, ಇವಳು ಟ್ರೈನಿ ಆಗಿದ್ದಾಗಿಂದ ಗೊತ್ತು, ಅವರು ನೇರ ಹೋಗಿ ಎಚ್‌ಆರ್‌ನವರ ಎದುರು ಕುರ್ಚಿ ಹಾಕಿ ಕೂತ್ರಂತೆ, ಹುಡುಗಿ ಹೋಗುವುದು ಖಂಡಿತ, ನೀವು ಕೊಡದಿದ್ರೂ ಹೋಗ್ತಾಳೆ, ಕೊಟ್ರೆ ಆಶೀರ್ವಾದ ಆದ್ರೂ ಸಿಗ್ತದೆ ಅಂತ ಹೇಳಿದ್ರಂತೆ. ಸಂಜೆಯ ಒಳಗೆ ಲೆಟರ್ ಆಯ್ತು.

ಅದ್ರಲ್ಲಿ ಒಂದು ಸಮಸ್ಯೆ, 2020ರಲ್ಲಿ ಕೆಲವು ತಿಂಗಳು ಸಂಬಳ ಇಲ್ಲದ ರಜೆ ಅಂತ ಇತ್ತು. ಮಗಳು ಹುಟ್ಟಿದ್ದು ಆ ವರ್ಷ ಜನವರಿಯಲ್ಲಿ ಮಂಗಳೂರಲ್ಲಿ, ಬಾಣಂತನಕ್ಕೆ ಇವಳು ಈಚೆ ನಮ್ಮ ಮನೆಗೆ ಬಂದದ್ದು, ಮಾರ್ಚಲ್ಲಿ ಕೊರೊನ ಅಂತ ತಲಪಾಡಿ ರಸ್ತೆಗೆ ಮಣ್ಣು ಹಾಕಿ ಬಂದ್ ಮಾಡಿದ್ರು, ನಿಮಗೆ ನೆನಪು ಉಂಟಲ್ಲ. ಆಂಬುಲೆನ್ಸ್ ಕೂಡ ದಾಟದೆ ಜನ ಸತ್ತ ಕಾಲ ಅದು. ಮೆಟರ್ನಿಟಿ ಲೀವ್ ಮುಗಿದ್ರೂ ಅವಳಿಗೆ ಆಚೆ ಹೋಗಿ ಡ್ಯೂಟಿ ಸೇರ್ಲಿಕ್ಕೆ ಆಗ್ಲಿಲ್ಲ. ಇದನ್ನು ಕೆನಡಾದ ಆಫೀಸರಿಗೆ ಹೇಗೆ ವಿವರಿಸುವುದು? ಒಂದೇ ಜಿಲ್ಲೆಯ ಹಾಗೆ ಬದುಕುವ ಜನ, ಮಧ್ಯೆ ರಾಜ್ಯದ ಗಡಿ, ಬದಿಯಡ್ಕದಿಂದ ಮಂಗಳೂರು ಆಸ್ಪತ್ರೆಗೆ ದಿನಾ ಹೋಗಿ ಬರುವುದು ನಮಗೆ ಮಾಮೂಲಿ ಅಂತ. ಲೆಟರ್ ಆಫ್ ಎಕ್ಸ್‌ಪ್ಲನೇಷನ್ ಅಂತ ಒಂದು ಹಾಕ್ಲಿಕ್ಕೆ ಉಂಟು, ಅದ್ರಲ್ಲಿ ಅರ್ಧ ಪುಟ ಬರೆದು ಆ ತಿಂಗಳುಗಳನ್ನು ಬಿಟ್ಟೇ ಮೂರು ವರ್ಷಕ್ಕಿಂತ ಹೆಚ್ಚು ಆಗ್ತದೆ ಅಂತ ಲೆಕ್ಕ ತೋರಿಸಿದ್ದು. ಸುಳ್ಳು ತೇಪೆ ಹಾಕುವುದಕ್ಕಿಂತ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಒಳ್ಳೇದು, ಸುಳ್ಳು ಸಿಕ್ಕಿಬಿದ್ರೆ ಐದು ವರ್ಷ ಬ್ಯಾನ್.

ಹೆಸರಿನ ಗೋಜಲು ಗಡಿಯವರಿಗೆಲ್ಲ ಇರ್ತದೆ. ನನ್ನ ಕೇರಳದ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಊರಿನ ಇನಿಶಿಯಲ್, ಪಾಸ್‌ಪೋರ್ಟಲ್ಲಿ ಅದು ಬಿಡಿಸಿ ಬರೆದದ್ದು, ಅವಳ ಕರ್ನಾಟಕದ ದಾಖಲೆಯಲ್ಲಿ ಅಪ್ಪನ ಹೆಸರು, ಮದುವೆ ಸರ್ಟಿಫಿಕೇಟ್ ಇಲ್ಲಿಯ ಪಂಚಾಯತಿನದ್ದು, ಮಗಳ ಬರ್ತ್ ಸರ್ಟಿಫಿಕೇಟ್ ಮಂಗಳೂರಿನದ್ದು. ನೋಟರಿ ಹತ್ರ ಎರಡೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿ ಮುಗಿಸಿದ್ದು. ಪೊಲೀಸ್ ಕ್ಲಿಯರೆನ್ಸಿಗೆ ಕಾಸರಗೋಡು ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಕೇಂದ್ರ ಇರುವುದ್ರಿಂದ ದೂರ ಓಡುವುದು ಉಳೀತು. ಸ್ಟೇಷನ್ನಿಂದ ಬಂದ ಪೊಲೀಸರು ಚಾ ಕುಡಿದು, ಕೆನಡಾದಲ್ಲಿ ಈಗ ಚಳಿ ಎಷ್ಟು ಅಂತ ವಿಚಾರಿಸಿ ಹೋದ್ರು, ಸರ್ಟಿಫಿಕೇಟ್ ಬೇಗ ಬಂತು.

ದೊಡ್ಡ ಯುದ್ಧ ಆದದ್ದು ದುಡ್ಡಿನ ವಿಷಯದಲ್ಲಿ. ಹೊರಗಿನಿಂದ ಹಾಕುವವರು ಅಲ್ಲಿ ಇಳಿದ್ಮೇಲೆ ಬದುಕ್ಲಿಕ್ಕೆ ದುಡ್ಡು ಉಂಟು ಅಂತ ತೋರಿಸ್ಬೇಕು, ಈ ಮೊತ್ತ ಪ್ರತಿ ವರ್ಷ ಏರ್ತದೆ, 2025ರ ಜುಲೈಯಿಂದ ಮೂವರ ಕುಟುಂಬಕ್ಕೆ 23,360 ಕೆನಡಾ ಡಾಲರ್. ನಮ್ಮ ದುಡ್ಡಲ್ಲಿ ಹದಿನೈದು ಲಕ್ಷದ ಹತ್ತಿರ. ಇದು ಬ್ಯಾಂಕಲ್ಲಿ ಇರ್ಬೇಕು, ಆರು ತಿಂಗಳ ಸರಾಸರಿ ಬ್ಯಾಲೆನ್ಸ್ ಬ್ಯಾಂಕಿನವರು ಬರೆದು ಕೊಡ್ಬೇಕು, ಸಾಲದ ದುಡ್ಡು ಆಗುವುದಿಲ್ಲ. ನಮ್ಮ ಉಳಿತಾಯ ಸ್ವಲ್ಪ ಇತ್ತು, ಉಳಿದದ್ದು ಅಪ್ಪ ಕೊಡ್ತೇನೆ ಅಂದ್ರು. ಆದ್ರೆ ಅಪ್ಪನ ಹತ್ರ ಇರುವುದು ತೋಟ, ಅಟ್ಟದಲ್ಲಿ ಅಡಿಕೆ, ಅಮ್ಮನ ಹತ್ರ ಚಿನ್ನ. ತೋಟ ಲೆಕ್ಕಕ್ಕೆ ಇಲ್ಲ, ಮನೆ ಲೆಕ್ಕಕ್ಕೆ ಇಲ್ಲ, ಚಿನ್ನ ಲೆಕ್ಕಕ್ಕೆ ಇಲ್ಲ, ಚಿನ್ನ ಅಡವಿಟ್ಟು ತಂದ್ರೆ ಅದು ಸಾಲ. "ಅಟ್ಟದಲ್ಲಿ ಡಬಲ್ ಚೋಲ್ ಅಡಿಕೆ ಉಂಟಲ್ಲ ಮಗಾ, ಅದರ ಫೋಟೊ ತೆಗ್ದು ಕಳ್ಸು, ಕ್ಯಾಂಪ್ಕೋದವರ ಅಡಿಕೆ ರೇಟು ಬೇಕಾದ್ರೆ ಪೇಪರಲ್ಲಿ ಬರ್ತದೆ, ಅದನ್ನೂ ಕಟ್ ಮಾಡಿ ಹಾಕು" ಅಂತ ಅಪ್ಪ ನಿಜವಾಗ್ಲೂ ಹೇಳಿದ್ರು. ಅವರ ಲೆಕ್ಕದಲ್ಲಿ ಅದು ಬ್ಯಾಂಕಿಗಿಂತ ಭದ್ರ, ರೇಟು ಬಂದಾಗ ಕೊಡುವುದು, ಮದುವೆಗೆ ಆಸ್ಪತ್ರೆಗೆ ಅಂತ ತೆಗೆದಿಡುವುದು, ಅಜ್ಜನ ಕಾಲದಿಂದ ಹಾಗೇ. ಅದನ್ನು ಮಾರಿಸುವುದಕ್ಕೆ ನಾನು ಪಟ್ಟ ಪಾಡು! ಈಗ ಬೇಡ, ಸ್ವಲ್ಪ ಏರ್ತದೆ, ಗಣೇಶ ಚೌತಿ ಆಗ್ಲಿ ಅಂತ. ಆ ಮಳೆಗಾಲ ತೋಟಕ್ಕೆ ಕೊಳೆರೋಗ ಬೇರೆ, ಬೋರ್ಡೋ ಮದ್ದು ಬಿಡ್ಲಿಕ್ಕೆ ಮಳೆ ಬಿಡುವು ಕೊಡ್ಲಿಲ್ಲ, ಬರುವ ವರ್ಷದ ಫಸಲು ಕಡಿಮೆ ಅಂತ ಗೊತ್ತಿದ್ದೂ ಹಳೇ ಅಡಿಕೆ ಕೊಡ್ಬೇಕು ಅಂದ್ರೆ ಅವರಿಗೆ ಹೇಗಾಗ್ಬೇಡ. ಆದ್ರೂ ಕೊಟ್ರು. ಹೆಚ್ಚಿನ ಪಾಲು ಮಳೆಗೆ ಮೊದಲೇ, ಮೇ ತಿಂಗಳಲ್ಲಿ ಕೊಟ್ಟು ದುಡ್ಡು ನನ್ನ ಅಕೌಂಟಿಗೆ ಹಾಕಿಸಿದ್ದು, ಆರು ತಿಂಗಳ ಸರಾಸರಿ ಆಗ್ಬೇಕಲ್ಲ, ಜುಲೈಯಲ್ಲಿ ಮೊತ್ತ ಏರಿದಾಗ ಆ ಕೊಳೆರೋಗದ ಮಧ್ಯೆಯೇ ಚೌತಿಗೆ ಮೊದಲು ಇನ್ನೂ ಸ್ವಲ್ಪ ಕೊಟ್ಟದ್ದು. ಜೊತೆಗೆ ಅಪ್ಪನಿಂದ ಗಿಫ್ಟ್ ಡೀಡ್, ಇದು ಮಗನಿಗೆ ಕೊಟ್ಟದ್ದು, ವಾಪಸ್ ಕೇಳುವುದಿಲ್ಲ ಅಂತ, ಅಡಿಕೆ ಮಾರಿದ ಬಿಲ್ಲಿನ ಪ್ರತಿಯೂ ಹಾಕಿದ್ದು. ಊರಿನ ಸಹಕಾರಿ ಬ್ಯಾಂಕಲ್ಲಿ ಇದ್ದ ಡೆಪಾಸಿಟ್ಟಿಗೆ ಅವರು ಕೇಳುವ ರೀತಿಯ ಲೆಟರ್ ಮಾಡಿಸುವುದು ಕಷ್ಟ, ಅಕೌಂಟ್ ಓಪನ್ ಆದ ತಾರೀಕು, ಸರಾಸರಿ, ಬಾಕಿ ಸಾಲ ಎಲ್ಲ ಒಂದೇ ಲೆಟರಲ್ಲಿ ಬೇಕು, ಅದಕ್ಕೆ ಎಲ್ಲ ಒಟ್ಟು ಮಾಡಿ ಒಂದೇ ದೊಡ್ಡ ಬ್ಯಾಂಕಿಗೆ ತಂದದ್ದು ಒಳ್ಳೇದಾಯ್ತು.

ಫೀಸು ಬೇರೆ. ನಾವು ಹಾಕುವಾಗ ದೊಡ್ಡವರು ಒಬ್ಬೊಬ್ಬರಿಗೆ 1,525 ಡಾಲರ್, ಮಗುವಿಗೆ 260, ಬಯೋಮೆಟ್ರಿಕ್ಸ್ ನಮ್ಮಿಬ್ಬರಿಗೆ 170. ಮೆಡಿಕಲ್ ಮೊದ್ಲೆಲ್ಲ ಅರ್ಜಿ ಹಾಕಿದ್ಮೇಲೆ ಅವರು ಹೇಳುವಾಗ ಮಾಡಿದ್ರೆ ಸಾಕಿತ್ತು, 2025 ಆಗಸ್ಟ್ 21ರಿಂದ ಅರ್ಜಿಯ ಜೊತೆಗೇ ಮೆಡಿಕಲ್ ಬೇಕು ಅಂತ ಮಾಡಿದ್ದಾರೆ. ಇದು ತುಂಬಾ ಜನರಿಗೆ ಗೊತ್ತಿಲ್ಲ, ಹಳೇ ವಿಡಿಯೊ ನೋಡಿ ಕೂತ್ರೆ ಅರವತ್ತು ದಿನ ಹೋಗ್ತದೆ. ಅವರ ಪಟ್ಟಿಯಲ್ಲಿ ಇರುವ ಡಾಕ್ಟರಲ್ಲೇ ಮಾಡಿಸ್ಬೇಕು, ನಾವು ಮಗಳನ್ನೂ ಕಟ್ಟಿಕೊಂಡು ಕಣ್ಣೂರು ಬೆಂಗಳೂರು ರಾತ್ರಿ ಟ್ರೈನಲ್ಲಿ ಹೋಗಿ ಮಾಡಿಸಿ ಬಂದೆವು. ಬಯೋಮೆಟ್ರಿಕ್ಸ್ ಲೆಟರ್ ಬರುವುದು ಸಬ್ಮಿಟ್ ಮಾಡಿದ ನಂತರ, ಹಾಗಾಗಿ ಪುನಃ ಬೆಂಗಳೂರು, ಎರಡನ್ನೂ ಒಂದೇ ಸಲ ಮುಗಿಸ್ಬಹುದು ಅಂತ ಲೆಕ್ಕ ಹಾಕ್ಬೇಡಿ.

ಜನವರಿ ಮೊದಲ ವಾರ ಸಬ್ಮಿಟ್ ಆಯ್ತು, ರಿಸೀಟ್ ಬಂತು. ಈಗ ಅಕೌಂಟಲ್ಲಿ ನೋಡಿದ್ರೆ ಮೆಡಿಕಲ್ ಪಾಸ್ ಅಂತ ಉಂಟು, ಬ್ಯಾಕ್‌ಗ್ರೌಂಡ್ ಚೆಕ್ ಇನ್ನೂ ಶುರು ಆಗ್ಲಿಲ್ಲ. ಸಾಮಾನ್ಯ ಆರು ತಿಂಗಳು ಅಂತ ಅವರೇ ಹೇಳುವುದು. ವೀಸಾ ಕೊಡುವವರೆಗೂ ಆ ದುಡ್ಡು ಹಾಗೇ ಇರ್ಬೇಕು, ಮುಟ್ಲಿಕ್ಕಿಲ್ಲ, ಇದನ್ನು ಅಪ್ಪನಿಗೆ ಹೇಳಿ ಆಗಿದೆ.

ಇನ್ನೊಂದು ವಿಷಯ ನರ್ಸ್‌ಗಳಿಗೆ. ಪಿಆರ್ ಸಿಕ್ಕಿದ ಕೂಡ್ಲೇ ಅಲ್ಲಿ ನರ್ಸ್ ಆಗ್ಲಿಕ್ಕೆ ಆಗುವುದಿಲ್ಲ, ಅದು ಬೇರೆಯೇ ದಾರಿ, ಆಯಾ ಪ್ರಾವಿನ್ಸ್‌ನ ನರ್ಸಿಂಗ್ ಸಂಸ್ಥೆಯಲ್ಲಿ ರಿಜಿಸ್ಟ್ರೇಷನ್ ಆಗ್ಬೇಕು, ಎನ್‌ಕ್ಲೆಕ್ಸ್ ಪರೀಕ್ಷೆ ಪಾಸ್ ಆಗ್ಬೇಕು. ಪಿಆರ್‌ಗೆ ಮಾಡಿದ ಡಬ್ಲ್ಯುಇಎಸ್ ವರದಿ, ಅಂದ್ರೆ ನಮ್ಮ ಡಿಗ್ರಿ ಅಲ್ಲಿಯ ಯಾವ ಡಿಗ್ರಿಗೆ ಸಮ ಅನ್ನುವ ವರದಿ, ಅದಕ್ಕೆ ಸಾಕಾಗುವುದಿಲ್ಲ. ಎನ್‌ಕ್ಲೆಕ್ಸ್ ಇಲ್ಲಿಂದ್ಲೇ ಬರೀಬಹುದು, ಹಾಗಾಗಿ ಅವಳು ಈಗ ಅದಕ್ಕೆ ಓದ್ತಾ ಇದ್ದಾಳೆ. ಯಾವ ಪ್ರಾವಿನ್ಸ್ ಅಂತ ಮೊದ್ಲೇ ತೀರ್ಮಾನ ಮಾಡಿದ್ರೆ ಕಾಗದ ಪತ್ರ ಕಡಿಮೆ, ಚಿಕ್ಕಪ್ಪನ ಮಗ ಬ್ರಾಂಪ್ಟನಿಗೆ ಮಾತ್ರ ಬರ್ಬೇಡಿ, ಬಾಡಿಗೆ ಕೊಟ್ಟು ಮುಗಿಯುವುದಿಲ್ಲ ಅಂತ ಹೇಳ್ತಾನೆ, ಇವಳಿಗೆ ಚಳಿ ಸ್ವಲ್ಪ ಕಡಿಮೆ ಇರುವ ಬ್ರಿಟಿಷ್ ಕೊಲಂಬಿಯಾ ಆಗ್ಬೇಕು, ನನ್ನ ಕೆಲಸಕ್ಕೆ ಟೊರೊಂಟೊ ಕಡೆಯೇ ಒಳ್ಳೇದು. ಆ ಚರ್ಚೆ ನಡೀತಾ ಉಂಟು, ಈ ಸಲವೂ ಅವಳ ಪಾಯಿಂಟೇ ಹೆಚ್ಚು ಇರುವ ಹಾಗೆ ಕಾಣ್ತದೆ.